ಉಡಿಯೊಳಗಿನ ಪಾಲು

"ಪಾಲಿನ ಕಾಗದ ಏನರ ಅದೇನ್ರಿ?" ಅಂತ ವಕೀಲೆ ಅನುಪಮಾ ಕೇಳಿದಾಗ ಕನಕಮ್ಮನಿಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಉಡಿ ತುಂಬಿದವರ ಹತ್ತಿರ ಯಾವ ಬಾಯಲ್ಲಿ ಕಾಗದ ಕೇಳುವುದು?

ಜವಳಗೇರಾದ ಮನೆಯಲ್ಲಿ ರೊಟ್ಟಿ ಬಡಿದು, ಮಸ್ಕಿ, ಲಿಂಗಸುಗೂರಿನ ಖಾನಾವಳಿಗಳಿಗೆ ಬಸ್ಸಿನಲ್ಲಿ ಹೊತ್ತೊಯ್ದು ಗಿರಾಕಿ ಹಿಡಿದವಳು ಕನಕಮ್ಮ. ಸಿಂಧನೂರಿನಲ್ಲಿ ಅಂಗಡಿ ಇದ್ದದ್ದು ಕಸ್ತೂರೆಮ್ಮನಿಗೆ. "ಜಾಗಾ ನಂದು, ಕೈ ನಿಂದು, ಅರ್ಧಾ ಪಾಲು" ಅಂದವಳು ರೊಟ್ಟಿ ಕೇಂದ್ರ ತೆರೆದ ದಿನ ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬಿ, "ಇವತ್ತಿಂದ ನೀ ನನ್ನ ತಂಗಿ" ಅಂದಿದ್ದಳು. ತಂಗಿ ತನ್ನ ಗಿರಾಕಿಗಳನ್ನೆಲ್ಲ ತಂದು ಅಕ್ಕನ ಅಂಗಡಿಗೆ ಒಪ್ಪಿಸಿದಳು. ಹುಚ್ಚಿಯಲ್ಲದೆ ಮತ್ತೇನು! ಎರಡು ವರ್ಷದ ಮೇಲೆ ಪಾಲಿನ ಮಾತೆತ್ತಿದರೆ, "ಯಾವ ಪಾಲು? ತಿಂಗಳಾ ಪಗಾರ ತೊಗೊಂಡಿಲ್ಲೇನು?" ಅಂತ ಅಕ್ಕ ಹೊರಗೆ ಹಾಕಿದಳು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

"ಬಾಯಿಮಾತಿನ ಪಾಲುದಾರಿಕೀನೂ ಕಾನೂನಿನಾಗ ನಡೀತದ," ಅಂದಳು ಅನುಪಮಾ. "ಮೊದಲು ನೋಟಿಸ್ ಕೊಡೂಣು. ರಾಜಿಗೆ ಬರಲಿಲ್ಲಂದ್ರ ದಾವಾ ಹಾಕೂಣು. ಆದ್ರ ಆ ಮಾತು ಕಿವಿಲೆ ಕೇಳಿದವರು ಒಬ್ಬರಾದ್ರೂ ಸಾಕ್ಷಿ ಹೇಳಬೇಕ್ರಿ. ಇಲ್ಲಂದ್ರ ಭಾಳ ಕಷ್ಟ."

ಕೇಳಿದವಳು ಒಬ್ಬಳೇ, ಅಂಗಡಿಯಲ್ಲಿ ಜೊತೆಗೆ ರೊಟ್ಟಿ ಬಡಿಯುತ್ತಿದ್ದ ಸಕೀನಾಬೀ. ಎರಡು ವರ್ಷ ಇಬ್ಬರೂ ಒಂದೇ ಒಲೆಯ ಮುಂದೆ ಬೆಂದವರು. ಕನಕಮ್ಮ ಅಂಗಡಿಯ ಹಿಂದಿನ ಬಾಗಿಲಿಗೆ ಹೋಗಿ ಕರೆದಳು. ಸಕೀನಾಬೀ ಹಿಟ್ಟಿನ ಕೈಯಲ್ಲೇ ಬಂದಳು.

"ಕೇಳೀನಿ ಅಕ್ಕ, ಸುಳ್ಳ್ಯಾಕ ಹೇಳ್ಲಿ," ಅಂದು ತಲೆ ತಗ್ಗಿಸಿದಳು. "ಆದ್ರ ಕೋರ್ಟಿಗೆ ಬರಾಕ ಆಗಂಗಿಲ್ಲ. ನಿನ್ನ ಜಾಗಾಕ ನನ್ನ ಕುಂದ್ರಿಸ್ಯಾರ. ಅರ್ಧಾ ಪಾಲು ನಂಗ ಕೊಡ್ತೀನಿ ಅಂದಾರ."

ಕನಕಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ಕಾಗದ ಬರಿಸ್ಕೊಂಡೀಯೇನ?"

"ಅಷ್ಟು ಪ್ರೀತಿಲೆ ಹೇಳ್ಯಾರ. ಕಾಗದ ಕೇಳಿದ್ರ ಏನ್ ತಿಳ್ಕೊಂಡಾರು?"

ಬೈಯಲು ಬಾಯಿ ತೆರೆದವಳಿಗೆ ತನ್ನದೇ ಮಾತು ಕೇಳಿಸಿದಂತಾಯಿತು. ಇವಳನ್ನು ಬೈದರೆ ತನ್ನನ್ನೇ ಬೈದುಕೊಂಡ ಹಾಗೆ.

"ನಿಂಗೂ ಕೈ ಕೊಟ್ಟ ದಿನಾ ನನ್ನ ಹತ್ರ ಬಾ," ಅಂದಳು ಕನಕಮ್ಮ. "ನಿನ್ನ ಕಡೆ ಸಾಕ್ಷಿ ನಾ ಹೇಳ್ತೀನಿ."

ಅಷ್ಟು ಹೇಳಿ, ಸಾಕ್ಷಿಯಿಲ್ಲದ ನೋಟಿಸಿಗೆ ಸಹಿ ಹಾಕಲು ವಕೀಲರ ಆಫೀಸಿಗೆ ನಡೆದಳು.