ಓದದೆ ಅಳಿಸಲಾಗಿದೆ

ನಮ್ಮ ಪುರಸಭೆಯಲ್ಲಿ ಬೆನ್ನ ಹಿಂದೆ ಎಲ್ಲರೂ ನನ್ನನ್ನು ಪೊರಕೆ ಅಕ್ಕ ಅನ್ನುತ್ತಾರೆ. ಎದುರಿಗೇ ಅಂದರೂ ನನಗೆ ಬೇಸರವಿಲ್ಲ, ಗುಡಿಸುವುದೇ ನನ್ನ ಕೆಲಸ. ಕಚೇರಿಯ ಇನ್ನೂರು ಚಿಲ್ಲರೆ ಮಂದಿಗೆ ಬರುವ ಇಮೇಲ್‌ಗಳಲ್ಲಿ ಯಾವುದು ಮೂರು ತಿಂಗಳು ಇರಬೇಕು, ಯಾವುದು ಏಳು ವರ್ಷ, ಯಾವುದು ಶಾಶ್ವತ ಎಂದು ತೀರ್ಮಾನಿಸುವವಳು ನಾನು. ಸಭೆಯ ನಿರ್ಣಯ ಶಾಶ್ವತ. ಕಟ್ಟಡದ ಪರವಾನಗಿ ಏಳು ವರ್ಷ. ‘ನಾಳೆ ರಜೆ’, ‘ನನ್ನ ಛತ್ರಿ ಯಾರು ತಗೊಂಡ್ರಿ’ ಇಂಥವೆಲ್ಲ ಮೂರು ತಿಂಗಳು. ವಿಷಯದ ಸಾಲು ನೋಡಿದರೆ ಸಾಕು, ಒಳಗೇನಿದೆ ಎಂದು ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಅದಕ್ಕೇ ನನ್ನ ಪರದೆಯಲ್ಲಿ ವಿಷಯದ ಕಾಲಂ ಎರಡು ಪದ ಕಾಣುವಷ್ಟೇ ಅಗಲ. ಮಿಕ್ಕಿದ್ದನ್ನು ಓದುವುದು ದಂಡ ಎಂದುಕೊಂಡಿದ್ದೆ.

ನಮ್ಮ ದಾಖಲೆ ಕೋಣೆ ಇರುವುದು ನೆಲಮಾಳಿಗೆಯಲ್ಲಿ. ಕಿಟಕಿ ಇಲ್ಲ. ಕರೆಂಟು ಉಳಿಸಲೆಂದು ಒಂದು ಜಾಣ ದೀಪ ಹಾಕಿಸಿದ್ದಾರೆ. ಒಳಗಿದ್ದವರು ಅಲುಗಾಡದಿದ್ದರೆ ಯಾರೂ ಇಲ್ಲವೆಂದು ತಿಳಿದು ತಾನಾಗಿ ಆರಿಹೋಗುತ್ತದೆ, ಒಮ್ಮೆ ಆರಿದರೆ ಯಾರಾದರೂ ಬಾಗಿಲಲ್ಲಿ ಓಡಾಡುವವರೆಗೆ ಹೊತ್ತುವುದಿಲ್ಲ. ಕೂತು ಕೆಲಸ ಮಾಡುವವರು ಐದು ನಿಮಿಷಕ್ಕೊಮ್ಮೆ ನೊಣ ಓಡಿಸುವವರ ಹಾಗೆ ಕೈ ಬೀಸುತ್ತಿರಬೇಕು. ನಾನು ಬದುಕಿದ್ದೇನೆಂದು ದೀಪಕ್ಕೆ ಇಷ್ಟು ವರ್ಷಗಳಿಂದ ಸಾಕ್ಷಿ ಹೇಳುತ್ತಲೇ ಇದ್ದೇನೆ.

ನನ್ನ ತಮ್ಮನೂ ಇಲ್ಲೇ ಇದ್ದ. ಮೂರನೇ ಮಹಡಿಯಲ್ಲಿ, ಕಟ್ಟಡ ತಪಾಸಕ. ಕೆಲಸದಲ್ಲಿ ಗಟ್ಟಿಗ, ಉಳಿದದ್ದರಲ್ಲಿ ಶುದ್ಧ ಸೋಮಾರಿ. ಇಮೇಲ್ ಕಳಿಸಬೇಕಾದರೆ ವಿಳಾಸ ಹುಡುಕುವ ಗೋಜಿಗೇ ಹೋಗುತ್ತಿರಲಿಲ್ಲ. ಆ ವ್ಯಕ್ತಿಯಿಂದ ಕೊನೆಗೆ ಬಂದ ಯಾವುದೋ ಪತ್ರ ತೆಗೆದು, ಅದಕ್ಕೇ ಉತ್ತರ ಎಂದು ಒತ್ತಿ, ತನಗೆ ಬೇಕಾದ್ದನ್ನು ಬರೆಯುತ್ತಿದ್ದ. ವಿಷಯದ ಸಾಲು ಹಳೆಯದೇ ಉಳಿಯುತ್ತಿತ್ತು. ‘ಛತ್ರಿ’ ಎಂಬ ಸಾಲಿನ ಕೆಳಗೆ ಸೇತುವೆಯ ವರದಿ ಇರುತ್ತಿತ್ತು. ಎಷ್ಟು ಬೈದರೂ ಅವನಿಗೆ ನಾಟುತ್ತಿರಲಿಲ್ಲ.

ಇನ್ನೊಂದು ವಿಷಯ ಹೇಳಬೇಕು. ನಮ್ಮಲ್ಲಿ ದಾಖಲೆ ಕೋಣೆಯ ನಂಬರ್ ಬೀಳದ ಪತ್ರ ಪತ್ರವೇ ಅಲ್ಲ. ಮೇಲಿನವರು ಅದನ್ನು ನೋಡುವುದೂ ಇಲ್ಲ. ಯಾರು ಯಾರಿಗೆ ಏನು ಎಚ್ಚರಿಕೆ ಕೊಡಬೇಕಿದ್ದರೂ ಮೊದಲು ನನಗೆ ಕಳಿಸಬೇಕು, ನಾನು ನಂಬರ್ ಹಾಕಿ ಮೇಲಕ್ಕೆ ಕಳಿಸಬೇಕು. ಈ ನಿಯಮವನ್ನು ಬರೆದವಳೂ ನಾನೇ. ಕಳಿಸಿದವರ ಪೆಟ್ಟಿಗೆಯಲ್ಲಿ ಪ್ರತಿ ಉಳಿಯುವುದೇ ಬೇಡ, ಬಂದವರ ಪ್ರತಿಯೇ ದಾಖಲೆ ಎಂದು ಬರೆದವಳೂ ನಾನೇ.

ಏಳು ವರ್ಷದ ಹಿಂದೆ ನಮ್ಮಿಬ್ಬರಿಗೂ ಒಂದು ಊಟದ ಡಬ್ಬಿಯ ವಿಷಯಕ್ಕೆ ಜಗಳವಾಯಿತು. ನಗಬೇಡಿ. ಅಮ್ಮನ ಸ್ಟೀಲ್ ಡಬ್ಬಿ ಅದು. ತಗೊಂಡು ಹೋದವನು ಎಲ್ಲೋ ಕಳೆದುಬಿಟ್ಟ. ‘ಊಟದ ಡಬ್ಬಿ’ ಎಂದು ವಿಷಯ ಹಾಕಿ ಅವನಿಗೆ ಖಾರವಾಗಿ ಬರೆದೆ. ಫೋನ್ ಎತ್ತುವುದನ್ನೂ ನಿಲ್ಲಿಸಿದೆ; ಆ ವಾರವಿಡೀ ಅವನು ಕಚೇರಿಗೆ ಬರದೆ ಹೊರಗಿನ ಕೆಲಸದಲ್ಲೇ ಇದ್ದ. ಮಂಗಳವಾರ, ಬುಧವಾರ, ಗುರುವಾರ ಅವನಿಂದ ಉತ್ತರ ಬಂತು, ಮೂರೂ ‘ಊಟದ ಡಬ್ಬಿ’. ಸಮಜಾಯಿಷಿ ಕೇಳುವ ತಾಳ್ಮೆ ನನಗಿರಲಿಲ್ಲ. ತೆರೆಯದೆ ಮೂರು ತಿಂಗಳ ಬುಟ್ಟಿಗೆ ಹಾಕಿದೆ. ಶುಕ್ರವಾರ ಮಧ್ಯಾಹ್ನ ಮನಸ್ಸು ತಡೆಯದೆ ‘ಡಬ್ಬಿ ಹಾಳಾಗಿ ಹೋಗ್ಲಿ, ಮನೆಗೆ ಬಾ’ ಎಂದು ಬರೆದೆ. ತಕ್ಷಣ ಯಂತ್ರದ ಉತ್ತರ ಬಂತು: ‘ಹೊರಗೆ ತಪಾಸಣೆಯಲ್ಲಿದ್ದೇನೆ. ಸೋಮವಾರ ಬರುತ್ತೇನೆ. ತುರ್ತಿದ್ದರೆ ದಾಖಲೆ ಕೋಣೆಯಲ್ಲಿ ಅಕ್ಕ ಇದ್ದಾಳೆ.’

ಅಷ್ಟರಲ್ಲಾಗಲೇ ಪುರಸಭೆಯ ಈಜುಕೊಳದ ಚಾವಣಿ ಕುಸಿದಿತ್ತು. ಅದರಡಿ ನನ್ನ ತಮ್ಮನೂ ಕೊಳದ ಕಾವಲುಗಾರನೂ ಸಿಕ್ಕಿದ್ದರು.

ವಿಚಾರಣೆ ಶುರುವಾಯಿತು. ಅದು ಮುಗಿಯುವವರೆಗೆ ಆ ವರ್ಷದ ಒಂದೇ ಒಂದು ಇಮೇಲನ್ನೂ ಅಳಿಸಬಾರದೆಂದು ತಡೆ ಬಂತು. ಪ್ರತಿಯೊಬ್ಬರನ್ನೂ ಕೇಳಿದರು: ಅವರಿಂದ ನಿಮಗೆ ಕೆಲಸದ ಪತ್ರ ಬಂದಿತ್ತೇ? ‘ಇಲ್ಲ’ ಎಂದು ಬರೆದು ಸಹಿ ಹಾಕಿದೆ. ಬುಟ್ಟಿಯಲ್ಲಿ ಆ ಮೂರು ಇದ್ದದ್ದು ಗೊತ್ತಿತ್ತು. ಆದರೆ ಸತ್ತವನು ಕೇಳಿದ ಕ್ಷಮೆ ಓದುವ ಧೈರ್ಯ ನನಗೆ ಬರಲಿಲ್ಲ, ಏಳು ವರ್ಷವಾದರೂ ಬರಲಿಲ್ಲ. ವಿಚಾರಣೆ ಕುಂಟುತ್ತ ಕುಂಟುತ್ತ ಹೋದ ತಿಂಗಳು ಮುಗಿಯಿತು. ತಪಾಸಕರು ಲಿಖಿತ ಎಚ್ಚರಿಕೆ ನೀಡದೆ ಕರ್ತವ್ಯಲೋಪ ಎಸಗಿದ್ದಾರೆ ಎಂದು ವರದಿ ಹೇಳಿತು. ತಡೆ ತೆರವಾಯಿತು.

ಅವನ ಮಗಳಿಗೆ ಈಗ ಹತ್ತೊಂಬತ್ತು. ಚಾವಣಿ ಬೀಳಿಸಿದವನ ಮಗಳು ಎಂದು ಕರೆಸಿಕೊಂಡೇ ಬೆಳೆದವಳು. ಅಪ್ಪ ಬರೆದ ಒಂದೇ ಒಂದು ಸಾಲಾದರೂ ಇದ್ದರೆ ಕೊಡಿ ಎಂದು ಪುರಸಭೆಗೆ ಅರ್ಜಿ ಹಾಕಿದಳು. ಅರ್ಜಿ ನನ್ನ ಮೇಜಿಗೇ ಬಂತು, ಉತ್ತರ ಕೊಡಲು ಇವತ್ತೇ ಕೊನೆಯ ದಿನ. ‘ಯಾವ ದಾಖಲೆಯೂ ಲಭ್ಯವಿಲ್ಲ’ ಎಂದು ಟೈಪು ಮಾಡಿ ಇಟ್ಟಿದ್ದೆ.

ಮಧ್ಯಾಹ್ನ ಮೂರಕ್ಕೆ ಕಂಪ್ಯೂಟರ್ ಮೇಷ್ಟ್ರು ಕೆಳಗಿಳಿದು ಬಂದರು. ನಮ್ಮ ಯಂತ್ರಗಳನ್ನೆಲ್ಲ ನೋಡಿಕೊಳ್ಳುವವರು, ಮುಂದಿನ ತಿಂಗಳು ನಿವೃತ್ತಿ.

“ಏನಕ್ಕಾ, ಪೊರಕೆ ರೆಡೀನಾ?”

“ನಿಮ್ಮನ್ನೂ ಸೇರಿಸಿ ಗುಡಿಸ್ಬಿಡ್ತೀನಿ, ಶುರು ಮಾಡಿ,” ಎಂದೆ.

ಮೊದಲು ಆ ವರ್ಷದ ಮೂರು ತಿಂಗಳ ಬುಟ್ಟಿಗಳು, ನನ್ನದೂ ಸೇರಿ. ಆಮೇಲೆ ತೀರಿಕೊಂಡವರ, ಬಿಟ್ಟುಹೋದವರ ಪೂರ್ತಿ ಪೆಟ್ಟಿಗೆಗಳು. ಕೊನೆಯ ಸಲ ನೋಡಲೆಂದು ತಮ್ಮನ ಪೆಟ್ಟಿಗೆಯನ್ನು ಪಕ್ಕದ ಪರದೆಯಲ್ಲಿ ತೆರೆದಿಟ್ಟಿದ್ದೆ. ಏಳು ವರ್ಷದಿಂದ ನಾನು ಬರೆದವು ಬಿಟ್ಟರೆ ಒಂದು ನೊಣವೂ ಹೊಕ್ಕಿರದ ಪೆಟ್ಟಿಗೆ; ಅವನ್ನೆಲ್ಲ ತೆರೆದು ಮುಗಿಸಿದ್ದೆ, ಓದದ್ದು ಒಂದೂ ಇರಲಿಲ್ಲ. ಬುಟ್ಟಿ ಅಳಿಸುವ ಪಟ್ಟಿಗೆ ಸಹಿ ಹಾಕಿದೆ, ಮೇಷ್ಟ್ರು ಒತ್ತಿದರು. ಇಬ್ಬರೂ ಸುಮ್ಮನೆ ಕೂತೆವು. ದೀಪ ಆರಿತು.

ಕತ್ತಲಲ್ಲಿ ಪಕ್ಕದ ಪರದೆ ಮಾತ್ರ ಬೆಳಗುತ್ತಿತ್ತು. ತಮ್ಮನ ಹೆಸರಿನ ಪಕ್ಕ ಒಂದು ಅಂಕಿ ಮೂಡಿತು. ಒಂದು. ನಾನು ನೋಡುತ್ತಿದ್ದಂತೆ ಎರಡಾಯಿತು. ಆಮೇಲೆ ಮೂರು.

“ಯಾರ್ರೀ ಇವನಿಗೆ ಬರೀತಿರೋದು?” ಪರದೆ ತೋರಿಸಿ ಕೇಳಿದೆ.

ಮೇಷ್ಟ್ರು ಬಗ್ಗಿ ನೋಡಿದರು. “ಯಾರೂ ಅಲ್ಲಕ್ಕಾ. ಕಳಿಸುವಾಗ ‘ಓದಿದ್ರೆ ತಿಳಿಸಿ’ ಅಂತ ಗುರುತು ಹಾಕಿದಾನೆ. ಓದಿದ್ರೂ ಸುದ್ದಿ ಹೋಗುತ್ತೆ, ಓದದೆ ಅಳಿಸಿದ್ರೂ ಹೋಗುತ್ತೆ. ಈಗ ಅಳಿಸಿದ್ವಲ್ಲ.”

ಮೊದಲನೆಯದನ್ನು ತೆರೆದೆ. ‘ನಿಮ್ಮ ಪತ್ರವನ್ನು ಓದದೆ ಅಳಿಸಲಾಗಿದೆ. ವಿಷಯ: ಊಟದ ಡಬ್ಬಿ. ಸ್ವೀಕರಿಸಿದವರು: ದಾಖಲೆ ಕೋಣೆ.’ ಎರಡನೆಯದೂ ಅದೇ. ಮೂರನೆಯದು ಗುರುವಾರದ್ದು. ವಿಷಯದ ಸಾಲು ಉದ್ದವಿತ್ತು. ನನ್ನ ಎರಡು ಪದದ ಕಾಲಂನಲ್ಲಿ ಎಂದೂ ಕಾಣಿಸದಿದ್ದ ಸಾಲು ಇಲ್ಲಿ ಪೂರ್ತಿ ಕಾಣುತ್ತಿತ್ತು: ‘ಊಟದ ಡಬ್ಬಿ ಅಲ್ಲಕ್ಕಾ, ಈಜುಕೊಳದ ಚಾವಣಿ ಬಿರುಕು ಬಿಟ್ಟಿದೆ, ಫೋಟೋ ಇದೆ, ಇವತ್ತೇ ನಂಬರ್ ಹಾಕು, ಕೊಳ ಮುಚ್ಚಿಸಬೇಕು.’

“ವಾಪಸ್ ತರಿಸಿ,” ಎಂದೆ.

“ಎಲ್ಲಿಂದ ತರಲಿ? ಹೋಯ್ತು. ನೀವೇ ಸಹಿ ಹಾಕಿದ್ರಿ.”

ಏಳು ವರ್ಷ ಅದು ಇಲ್ಲೇ ಇತ್ತು, ನನ್ನ ಕೈಯಳತೆಯಲ್ಲಿ. ನಿಮಿಷದ ಹಿಂದೆಯೂ ಇತ್ತು. ಅಳು ಬರಲಿಲ್ಲ, ನನ್ನ ಮೇಲೇ ಹೇಸಿಗೆ ಬಂತು.

ಮೇಷ್ಟ್ರು ದನಿ ತಗ್ಗಿಸಿ ಹೇಳಿದರು: “ಅಕ್ಕಾ, ಈ ಪೆಟ್ಟಿಗೇನೂ ಪಟ್ಟಿಯಲ್ಲೇ ಇದೆ. ಒಂದು ಸಲ ಒತ್ತಿದ್ರೆ ಇದೂ ಹೋಗುತ್ತೆ. ನಾನೇನೂ ನೋಡಿಲ್ಲ. ನಿಮಗೆ ಪಿಂಚಣಿ ಇದೆ, ಮರ್ಯಾದೆ ಇದೆ.”

ಆ ಆಸೆ ನನಗೆ ಹುಟ್ಟಲಿಲ್ಲ ಎಂದರೆ ಸುಳ್ಳಾಗುತ್ತದೆ. ಏನು ಮಾಡಬೇಕೆಂದು ತಿಳಿಯದೆ ನನ್ನ ಪರದೆಯಿಂದ ತಮ್ಮನಿಗೆ ಬರೆದೆ: ‘ಈಗೇನು ಮಾಡ್ಲೋ?’

ಟಣ್ ಎಂದಿತು. ‘ಹೊರಗೆ ತಪಾಸಣೆಯಲ್ಲಿದ್ದೇನೆ. ಸೋಮವಾರ ಬರುತ್ತೇನೆ. ತುರ್ತಿದ್ದರೆ ದಾಖಲೆ ಕೋಣೆಯಲ್ಲಿ ಅಕ್ಕ ಇದ್ದಾಳೆ.’

ಮೇಷ್ಟ್ರು ಕುರ್ಚಿ ಹಿಂದೆ ಸರಿಸಿದರು. “ಅದು ಒಬ್ಬರಿಗೆ ಒಂದೇ ಸಲ ಉತ್ತರ ಕೊಡೋದು. ನಿಮಗೆ ಮುಂಚೆ ಬಂದಿತ್ತಾ?”

“ಬಂದಿತ್ತು. ಆಮೇಲೆ ವರ್ಷಕ್ಕೊಂದು ಸಲ ಬರೆದು ನೋಡಿದೀನಿ. ಎರಡನೇ ಸಲ ಬಂದೇ ಇಲ್ಲ.”

ತಲೆಯ ಮೇಲೆ ದೀಪ ಹೊತ್ತಿತು. ಬಾಗಿಲಲ್ಲಿ ಯಾರೂ ಇರಲಿಲ್ಲ, ನಾವಿಬ್ಬರೂ ಕೂತಲ್ಲಿಂದ ಎದ್ದಿರಲಿಲ್ಲ.

ಮೂರನ್ನೂ ಅಚ್ಚು ತೆಗೆದೆ. ಒಂದೊಂದಕ್ಕೂ ನಂಬರ್ ಹಾಕಿದೆ, ಅವನು ಕೇಳಿದ ನಂಬರ್. ಮೇಲೆ ‘ಶಾಶ್ವತ’ ಎಂದು ಮೊಹರು ಒತ್ತಿದೆ. ಟೈಪು ಮಾಡಿಟ್ಟಿದ್ದ ಉತ್ತರವನ್ನು ಹರಿದು ಹಾಕಿ, ಅರ್ಜಿಯಲ್ಲಿದ್ದ ಫೋನ್ ನಂಬರಿಗೆ ಕರೆ ಮಾಡಿದೆ. ನನಗೆ ಬಾಯಿಪಾಠ ಇರುವ ನಂಬರೇ ಅದು.

“ಅತ್ತೆ? ಏನಾದ್ರೂ ಸಿಕ್ತಾ?”

“ಸಿಕ್ತು ಪುಟ್ಟಿ. ನಿಮ್ಮಪ್ಪ ಬರ್ದಿದ್ದ. ಕೊಳ ಮುಚ್ಚಿಸಿ ಅಂತ. ಮೂರು ದಿನ, ಮೂರು ಸಲ.”

ಆ ಕಡೆ ಅವಳು ಗಟ್ಟಿಯಾಗಿ ಅತ್ತಳು, ಅಳುತ್ತಲೇ ನಕ್ಕಳು. ನಾನು ಕಾದೆ. ಅವಳು ಅದನ್ನು ಕೇಳಿಯೇ ಕೇಳುತ್ತಾಳೆಂದು ಗೊತ್ತಿತ್ತು.

“ಯಾರಿಗೆ ಬರ್ದಿದ್ರು ಅತ್ತೆ? ಯಾರು ಓದ್ಲಿಲ್ಲ?”