ಕಂಬದ ಹನ್ನೆರಡನೆಯ ಹೆಸರು

ನನ್ನ ಬಾಯಿ ಕೆಟ್ಟದ್ದು, ಊರಿಗೇ ಗೊತ್ತು. ಆದರೆ ಆ ದಿನ ನಾನು ತುಟಿ ಬಿಗಿಹಿಡಿದು ಕುಳಿತಿದ್ದೆ.

ಯುದ್ಧದಲ್ಲಿ ಸತ್ತ ನಮ್ಮೂರ ಹುಡುಗರಿಗಾಗಿ ಚರ್ಚಿನ ಅಂಗಳದಲ್ಲಿ ಸಿಮೆಂಟಿನ ಕಂಬ ಎದ್ದಿತ್ತು. ಬೋಗನ್‌ವಿಲ್ ದ್ವೀಪವೇ ಎರಡು ಹೋಳಾಗಿ ತನ್ನನ್ನು ತಾನೇ ಕೊಂದುಕೊಂಡ ಯುದ್ಧ ಅದು. ಸತ್ತವರಲ್ಲಿ ಹನ್ನೊಂದು ಜನ ಕಾಡು ಸೇರಿದ ಬಂಡಾಯಗಾರರು. ಸೈನ್ಯದ ಕಡೆ ಹೋದವನು ನನ್ನ ಮಗ ಲಿನಸ್ ಒಬ್ಬನೇ. ಅವನ ಒಂದು ಮೂಳೆಯೂ ನನಗೆ ಸಿಗಲಿಲ್ಲ. ಕಂಬದ ಮೇಲೆ ಹೆಸರಾದರೂ ಇದ್ದರೆ ಮೇಣದಬತ್ತಿ ಹಚ್ಚಲು ಒಂದು ಜಾಗವಾಗುತ್ತಿತ್ತು.

ಹಿರಿಯರು ಕಟ್ಟಳೆ ಹಾಕಿದ್ದರು: ಲಿನಸನ ಹೆಸರು ಸೇರಬೇಕಾದರೆ ಆ ಹನ್ನೊಂದು ಹುಡುಗರ ತಾಯಂದಿರಲ್ಲಿ ಒಬ್ಬಳು ಎದ್ದು ಬರಬೇಕು. ಬೆನೆಡಿಕ್ಟಾ, ಅಂದರೆ ನಾನು, ಕೇಳುವಂತಿಲ್ಲ.

"ಅಕ್ಕಾ, ಈ ನೆಲ ನಮ್ಮಮ್ಮನ ಕುಲದ್ದು, ಅವಳ ನಂತರ ಮಗಳಾದ ನಿಂದು. ನೀನೊಂದು ಮಾತು ಆಡಿದ್ರೆ ಕಂಬಾನೇ ಇರಲ್ಲ," ಎಂದು ನನ್ನ ತಮ್ಮ ಕಿವಿಯಲ್ಲಿ ಊದಿದ.

"ಸುಮ್ನಿರೋ. ಹೆದರಿಸಿ ಬರೆಸಿದ ಹೆಸರಿಗೆ ಯಾರು ಮರ್ಯಾದೆ ಕೊಡ್ತಾರೋ?"

ತಾಯಂದಿರಲ್ಲಿ ಉಳಿದಿದ್ದವರು ಐವರು. ಗಾರೆ ಕೆಲಸದ ಇಗ್ನಾಸ್ ಹಸಿ ಸಿಮೆಂಟಿನಲ್ಲಿ ಮೊಳೆಯಿಂದ ಹನ್ನೊಂದು ಹೆಸರು ಕೊರೆದು ಮುಗಿಸಿ ಅವರತ್ತ ತಿರುಗಿದ.

"ಅಮ್ಮಂದಿರಾ, ಬಿಸಿಲು ನೋಡಿದ್ರಾ? ಸಿಮೆಂಟು ಆಗಲೇ ನಿಮ್ಮ ಮನಸ್ಸಿನ ಹಾಗೆ ಗಟ್ಟಿಯಾಗ್ತಿದೆ. ಬೇಗ ಹೇಳಿ."

ಯಾರೂ ನಗಲಿಲ್ಲ. ನಾಲ್ವರು ನೆಲ ನೋಡಿದರು. ಐದನೆಯವಳು ಸ್ಕೊಲಾಸ್ಟಿಕಾ. ಅವಳ ಮಗಳು ಮೊನಿಕಾಳನ್ನೇ ನನ್ನ ಲಿನಸ್ ಮದುವೆಯಾಗಿದ್ದ. ಅವಳ ಮಗ ಕೊಸ್ಮಾಸನನ್ನು ಕೊಂದದ್ದು ಸೈನ್ಯ. ಗುಂಡು ಯಾರದೋ, ದೇವರಿಗೇ ಗೊತ್ತು. ಮೊನಿಕಾ ಬೇರೆ ಮದುವೆಯಾಗಿ ಬುಕಾ ದ್ವೀಪಕ್ಕೆ ಹೋದ ಮೇಲೆ ನಮ್ಮ ಬೀಗತನವೂ ಮುಗಿಯಿತು ಎಂದುಕೊಂಡಿದ್ದೆ. ಇಪ್ಪತ್ತು ವರ್ಷಗಳಿಂದ ಸತ್ತವರ ಹಬ್ಬದ ದಿನ ಎಲ್ಲರೂ ಸೇರಿ ಒಂದೊಂದೇ ಹೆಸರು ಹೇಳಿ ಪ್ರಾರ್ಥಿಸುತ್ತಿದ್ದೆವು. ಲಿನಸನ ಹೆಸರು ಬಂದ ತಕ್ಷಣ ಇವಳು ಬಾಯಿಗೆ ಬೀಗ ಹಾಕುತ್ತಿದ್ದಳು. ಆ ಬಾಯಿ ಕಂಡರೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ಇವಳಿಂದಂತೂ ಆಸೆಯಿಲ್ಲ ಎಂದು ನಾನು ಎದ್ದು ಹೊರಟೆ.

"ಎಲ್ಲಿಗೇ ಹೊರಟೆ? ಕೂತ್ಕೋ!"

ಸ್ಕೊಲಾಸ್ಟಿಕಾ! ಮೊಣಕಾಲು ಹಿಡಿದುಕೊಂಡು ಎದ್ದಳು, ನಡೆದು ಹೋಗಿ ಇಗ್ನಾಸನ ಕೈಯಿಂದ ಮೊಳೆ ಕಿತ್ತುಕೊಂಡಳು.

"ಹೆಸರು ಹೇಳಮ್ಮ, ನಾನೇ ಬರೀತೀನಿ," ಎಂದ ಅವನು.

"ಹೇಳೋ ಹಾಗಿದ್ದಿದ್ರೆ ಕೂತಲ್ಲೇ ಹೇಳ್ತಿರಲಿಲ್ವೇನೋ? ಸರಿ ಆ ಕಡೆ."

ಕೊಸ್ಮಾಸನ ಹೆಸರಿನ ಕೆಳಗೆ, ಒತ್ತಿ ಒತ್ತಿ, ಸೊಟ್ಟ ಸೊಟ್ಟ ಅಕ್ಷರದಲ್ಲಿ ಅವಳು ಲಿನಸ್ ಎಂದು ಬರೆದಳು. ಕೊನೆಯ ಅಕ್ಷರಕ್ಕೆ ಸಿಮೆಂಟು ಪುಡಿ ಉದುರಿತು.

ನಾನು ನಿಂತಲ್ಲೇ ಕುಳಿತುಬಿಟ್ಟೆ. "ಇಷ್ಟು ವರ್ಷ ಅವನ ಹೆಸರು ಬಂದಾಗೆಲ್ಲ ಬಾಯಿ ಮುಚ್ಕೊಂಡಿದ್ದೆಯಲ್ಲೇ!"

"ಅಯ್ಯೋ ನಿನ್ನ! ನಮ್ಮಲ್ಲಿ ಅಳಿಯನ ಹೆಸರು ಯಾವ ಅತ್ತೆ ಬಾಯಲ್ಲಿ ಹೇಳ್ತಾಳೆ? ನಿಂಗೆ ಯಾರೂ ಕಲಿಸಿಲ್ವಾ?"

"ಮೊನಿಕಾ ಬೇರೆ ಮದುವೆ ಆದಳಲ್ಲ..."

"ಅವಳು ಇನ್ನೊಂದು ಮನೆ ಕಟ್ಟಿದ್ಲು. ನಾನು ಅಳಿಯನ್ನ ಬಿಟ್ಟೆ ಅಂತ ಯಾರು ಹೇಳಿದ್ರು ನಿಂಗೆ? ಅವನೂ ನನ್ನ ಮಗನೂ ನನ್ನ ಕೈಯಲ್ಲೇ ಗೆಣಸು ತಿಂದೋರು." ಕಣ್ಣು ಒರೆಸಿಕೊಂಡು ನನ್ನ ಪಕ್ಕದಲ್ಲಿ ಕುಳಿತಳು. "ಸುಣ್ಣ ಇದ್ರೆ ಕೊಡು, ಬೀಗ್ತಿ. ನನ್ನ ಹತ್ರ ಅಡಿಕೆ ಇದೆ."

ಜನ್ಮಪೂರ್ತಿ ನೆನೆದರೂ ಆ ಉಪಕಾರ ತೀರದು. ಸುಣ್ಣದ ಸೋರೆಬುರುಡೆ ಕೊಡುವಾಗ ನಾನು ಅವಳ ಕೈ ಬಿಡಲೇ ಇಲ್ಲ.

ಈಗಲೂ ಪ್ರತಿ ನವೆಂಬರಿನಲ್ಲಿ ಕಂಬದ ಮುಂದೆ ಹನ್ನೆರಡು ಹೆಸರು ಹೇಳುತ್ತೇವೆ. ಲಿನಸನ ಸರದಿ ಬಂದಾಗ ನಾನು ಮೊದಲು ಸ್ಕೊಲಾಸ್ಟಿಕಾಳ ತುಟಿ ನೋಡುತ್ತೇನೆ. ಅದು ಮುಚ್ಚಿಯೇ ಇರುತ್ತದೆ. ನನ್ನ ಹೊಟ್ಟೆ ತಣ್ಣಗಾಗುತ್ತದೆ.