ಹಿಡಿದ ಹಕ್ಕಿ

ಮದುವೆಗಳಲ್ಲಿ ಹೆಂಗಸರ ಕಡೆಯ ಫೋಟೋ ತೆಗೆಯುವ ಸೂಫಿಯಾಗೆ ಮಸರಕಲ್ ಹತ್ತಿರದ ಗುಡ್ಡದಲ್ಲಿ ಒಂದು ಹಕ್ಕಿಯ ಫೋಟೋ ಬೇಕಿತ್ತು. ಪುಸ್ತಕದಲ್ಲಿ ಅದರ ಹೆಸರು ಚಿಟ್ಟುಕೋಳಿ. ಕೆಂಪು ಮೈ, ಅದರ ಮೇಲೆ ರವೆ ಚೆಲ್ಲಿದಂಥ ಬಿಳಿ ಚುಕ್ಕೆ. ಬಂಡೆಗಳ ಸಂದಿಯಲ್ಲಿ ಇರುತ್ತದೆ, ಹಾರುವುದಕ್ಕಿಂತ ಓಡುವುದೇ ಹೆಚ್ಚು. ಕೂಗು ಕೇಳಿ ತಿರುಗುವಷ್ಟರಲ್ಲಿ ಮುಳ್ಳುಕಂಟಿ ಮಾತ್ರ ಅಲುಗುತ್ತಿರುತ್ತದೆ.

ಆ ಗುಡ್ಡವನ್ನು ಕಲ್ಲು ಒಡೆಯಲು ಕೊಡುವ ಮಾತು ನಡೆದಿತ್ತು. ತಕರಾರು ಹೇಳಲು ಸೂಫಿಯಾ ರಾಯಚೂರಿಗೆ ಹೋದಾಗ ಅಧಿಕಾರಿ ಒರಟಾಗಿಯೇನೂ ಮಾತಾಡಲಿಲ್ಲ. "ಬಾಯಲ್ಲಿ ಹೇಳಿದರೆ ಆಗಲ್ಲಮ್ಮ. ಆ ಗುಡ್ಡದ ಮೇಲೇ ಹಕ್ಕಿ ಇರೋ ಒಂದು ಫೋಟೋ ತನ್ನಿ. ಉಳಿಸೋಕೆ ನೋಡೋಣ," ಎಂದಿದ್ದರು.

ಆಮೇಲೆ ಬಿಡುವಿದ್ದ ಬೆಳಗೆಲ್ಲ ಅವಳು ದೇವದುರ್ಗದಿಂದ ಸ್ಕೂಟಿಯಲ್ಲಿ ಬಂದು, ಬಂಡೆಯ ಮರೆಯಲ್ಲಿ ಹಳೆ ಪರದೆ ಹೊದ್ದು ಕೂರುತ್ತಿದ್ದಳು. ಅಲ್ಲೇ ಕುರಿ ಮೇಯಿಸುವ ಯಮನಮ್ಮ ದೂರದಿಂದಲೇ ಕಾಡುತ್ತಿದ್ದಳು.

"ಮದಲಗಿತ್ತಿ ಆದ್ರ ಕುಂದ್ರು ಅಂದ್ರ ಕುಂದರ್ತಾಳ, ನಗು ಅಂದ್ರ ನಗತಾಳ. ಇದಕ್ಕ ಯಾರ್ ಹೇಳಬೇಕವ್ವಾ?"

"ನೀನ ಹೇಳು ಯವ್ವಾ. ನಿನ್ನ ಗುಡ್ಡದ್ದು, ನಿನ್ನ ಮಾತ ಕೇಳ್ತದ."

"ನನ್ನ ಮಾತ ನನ್ನ ಕುರಿನ ಕೇಳಂಗಿಲ್ಲ."

ಗುಡ್ಡ ಹೋದರೆ ಕುರಿ ಮಾರುವುದೊಂದೇ ಯಮನಮ್ಮನಿಗೆ ಉಳಿದ ದಾರಿ. ಸುತ್ತಲೂ ಹೊಲ, ಹೊಲಕ್ಕೆಲ್ಲ ತಂತಿಬೇಲಿ. ಆ ವಿಷಯ ಬಂದಾಗ ಮಾತ್ರ ಅವಳು ತಮಾಷೆ ಮಾಡುತ್ತಿರಲಿಲ್ಲ.

ಗುಡ್ಡದ ತಕರಾರು ಕೇಳುವ ರಾಯಚೂರಿನ ಸಭೆ ಹತ್ತಿರ ಬಂದಾಗಲೇ ಮಾನ್ವಿಯಲ್ಲಿ ಒಂದು ಮದುವೆ. ಸೂಫಿಯಾ ಬಿಡುವಂತಿರಲಿಲ್ಲ, ಮುಂಗಡ ತೆಗೆದುಕೊಂಡಾಗಿತ್ತು. ಸ್ಕೂಟಿ ಚಾಲೂ ಮಾಡುತ್ತಲೇ ಕೂಗಿ ಹೇಳಿದಳು:

"ನಾ ಬರೋದ್ರಾಗ ಅದು ಎಲ್ಲಿ ಓಡಾಡ್ತದ ನೋಡಿಟ್ಟಿರು ಯವ್ವಾ. ಹೆಂಗರ ಮಾಡಿ ಒಂದ್ ಹಿಡೀಲೇಬೇಕು."

"ಹಿಡೀಬೇಕನು?" ಯಮನಮ್ಮ ಕೋಲೂರಿ ನಿಂತಳು. "ಮೊದಲ ಹೇಳಬಾರದನು ಹುಚ್ಚಿ!"

ಸೂಫಿಯಾ ನಕ್ಕು ಕೈಬೀಸಿ ಹೋದಳು.

ಮದುವೆ ಮುಗಿಸಿ, ಸಭೆಯ ಹಿಂದಿನ ದಿನ ಬೆಳಿಗ್ಗೆ ಬಂದಾಗ ಯಮನಮ್ಮ ಬಂಡೆಯ ಮೇಲೆ ಬುಟ್ಟಿ ಬೋರಲು ಹಾಕಿಕೊಂಡು ಕಾಯುತ್ತಿದ್ದಳು. ಮುಖದ ತುಂಬ ನಗು.

"ಬಾ, ನಿನ್ನ ಮದಲಗಿತ್ತಿ ಕುಂತಾಳ. ಉರುಲು ಹಾಕಿ ಹಿಡಿದೀನಿ. ಎರಡು ದಿನದಿಂದ ಜ್ವಾಳ ಹಾಕಾಕತ್ತೀನಿ, ಒಂದ್ ಕಾಳ ಮುಟ್ಟವಲ್ದು."

ಬುಟ್ಟಿ ಎತ್ತಿದಳು. ಹಕ್ಕಿ ಓಡಲಿಲ್ಲ. ಒಂದು ಕಾಲು ಊದಿ ತಿರುಚಿಕೊಂಡಿತ್ತು, ಉರುಲಿನ ದಾರ ಚರ್ಮದೊಳಗೆ ಹೋಗಿತ್ತು. ಕೊಕ್ಕು ತೆರೆದು ಉಸಿರಾಡುತ್ತಿತ್ತು.

"ಯವ್ವಾ, ಹಿಡಿಯೋದು ಅಂದ್ರ ಕ್ಯಾಮೆರಾದಾಗ..." ಸೂಫಿಯಾ ಮಾತು ಮುಗಿಸಲಿಲ್ಲ. ಬಿಡಿಸಿ ಹೇಳದೆ ಹೋದವಳು ತಾನೇ ಅಲ್ಲವೇ? ಕುಳಿತು, ಉಗುರಿನಿಂದ ದಾರ ಬಿಡಿಸಿದಳು. ಹಕ್ಕಿ ಎದ್ದು ಎರಡು ಹೆಜ್ಜೆ ಇಟ್ಟು ಬಂಡೆಯ ಮೇಲೆ ಕುಸಿದು ಕೂತಿತು.

"ಈಗ ತಗಿ. ಗುಡ್ಡದ ಮ್ಯಾಲೇ ಅದಲ್ಲ?" ಎಂದಳು ಯಮನಮ್ಮ.

ಗುಡ್ಡದ ಮೇಲೇ ಇತ್ತು. ಗುಡ್ಡದ್ದೇ ಹಕ್ಕಿ. ಆದರೂ ಇದು ಸುಳ್ಳಲ್ಲವೇ ಎಂದು ಸೂಫಿಯಾಗೆ ಅನ್ನಿಸಿತು. ಅಂದುಕೊಳ್ಳುತ್ತಲೇ ಕ್ಯಾಮೆರಾ ಎತ್ತಿದಳು. ಎಳೆ ಬಿಸಿಲಿಗೆ ಒಂದೊಂದು ಚುಕ್ಕೆಯೂ ಕಾಣುತ್ತಿತ್ತು. ಇಷ್ಟು ಹತ್ತಿರ, ಇಷ್ಟು ಹೊತ್ತು ಅದು ಅವಳೆದುರು ಎಂದೂ ಇದ್ದಿರಲಿಲ್ಲ.

ಬಿಸಿಲೇರುವ ಮೊದಲೇ ಹಕ್ಕಿ ಸತ್ತಿತು. ಯಮನಮ್ಮ ರೆಕ್ಕೆ ಹಿಡಿದು ಎತ್ತಿ ನೋಡಿ, "ಸಾರಿಗೂ ಬರಂಗಿಲ್ಲ, ಒಣಗಿಬಿಟ್ಟದ," ಎಂದಳು. ಆಮೇಲೆ ಸೂಫಿಯಾಳ ಮುಖ ನೋಡಿ ಅದನ್ನು ಮೆಲ್ಲಗೆ ಕೆಳಗಿಟ್ಟಳು.

ಆ ಸಂಜೆ ಸೂಫಿಯಾ ಫೋಟೋವನ್ನು ಹಿಗ್ಗಿಸಿ ನೋಡಿದಳು. ಊದಿದ ಕಾಲು ಯಾರ ಕಣ್ಣಿಗೂ ಬೀಳುವಂತಿತ್ತು. ಕಾಲನ್ನು ಕತ್ತರಿಸಿ ತೆಗೆದರೆ ಬಂಡೆಯೂ ಹೋಗುತ್ತಿತ್ತು. ಬಂಡೆ ಹೋದರೆ ಅದು ಯಾವ ಊರಿನ ಹಕ್ಕಿಯೂ ಆಗಬಹುದಿತ್ತು. ಕಾಡುಹಕ್ಕಿಗೆ ಉರುಲು ಹಾಕಿದವರಿಗೆ ಜೈಲಾಗುತ್ತದೆ. ಅದು ಅವಳಿಗೆ ಗೊತ್ತಿತ್ತು, ಯಮನಮ್ಮನಿಗೆ ಗೊತ್ತಿರಲಿಲ್ಲ.

ಮರುದಿನ ಇಬ್ಬರೂ ಬಸ್ಸಿನಲ್ಲಿ ರಾಯಚೂರಿಗೆ ಹೋದರು. ಯಮನಮ್ಮ ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟಿದ್ದಳು. ಸರದಿ ಬಂದಾಗ ಅಧಿಕಾರಿ ಕೇಳಿದರು, "ಫೋಟೋ ಸಿಕ್ಕಿತೇನಮ್ಮ?"

ಸೂಫಿಯಾ ಬ್ಯಾಗಿನ ಜಿಪ್ ಮೇಲೆ ಕೈಯಿಟ್ಟಳು. "ಇಲ್ಲ ಸರ್. ಸಿಗಲಿಲ್ಲ."

"ಸಿಕ್ಕದ್ರೀ ಸಾಹೇಬ್ರ!" ಯಮನಮ್ಮ ಮುಂದೆ ಬಂದಳು. "ನಾನ ನನ್ನ ಕೈಯಾರ..."

"ಆಕಿ ಗೌಜಲಹಕ್ಕಿ ಸುದ್ದಿ ಹೇಳಾಕತ್ಯಾಳ್ರೀ ಸರ್. ಅದು ಬ್ಯಾರೆ." ಸೂಫಿಯಾ ಅವಳ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದಳು.

ಬಸ್ ನಿಲ್ದಾಣದವರೆಗೂ ಯಮನಮ್ಮ ಮುಂದೆ ಮುಂದೆ ನಡೆದಳು. ಬಸ್ಸು ಹತ್ತುವ ಮುಂಚೆ ಕೇಳಿದಳು, "ಕಲ್ಲಿನವರು ನಿನಗ ಏನ್ ಕೊಟ್ರು?"

"ಯವ್ವಾ, ಅಲ್ಲಾನಾಣೆ, ಹಂಗಲ್ಲ. ಹಕ್ಕಿ ಹಿಡಿದವರನ್ನ ಜೇಲಿಗೆ ಹಾಕ್ತಾರ. ನಿನ್ನ ಹೆಸರು ಬರ್ತಿತ್ತು. ಅದಕ್ಕ ತೋರಿಸಲಿಲ್ಲ."

ಯಮನಮ್ಮ ಮೆಟ್ಟಿಲಿಗೆ ಎತ್ತಿದ ಕಾಲನ್ನು ಕೆಳಗಿಟ್ಟಳು.

"ತೋರಿಸ್ಲೋ ಬ್ಯಾಡೋ ಅಂತ ನನ್ನ ಒಂದ್ ಮಾತ ಕೇಳಿದ್ಯಾ? ಜೇಲಿನಾಗ ಕುರಿ ಮೇಸಾಕ ಆಗಂಗಿಲ್ಲ, ಖರೆ. ಗುಡ್ಡ ಹೋದ ಮ್ಯಾಲ ಹೊರಗಿದ್ದು ಎಲ್ಲಿ ಮೇಸ್ಲಿ?"

ಸೂಫಿಯಾ ಕಿಟಕಿ ಪಕ್ಕ ಜಾಗ ಬಿಟ್ಟು ಕೂತಳು. ಯಮನಮ್ಮ ಅಲ್ಲಿ ಕೂರಲಿಲ್ಲ. ಹಿಂದಿನ ಸೀಟಿಗೆ ಹೋಗಿ, ಸೆರಗು ಮುಖದ ಮೇಲೆಳೆದುಕೊಂಡಳು.